ಪಾಸಾದವಳು

ಜೆಪ್ಪು, ಮಂಗಳೂರು
೨೩ ಜುಲೈ ೨೦೨೫, ಬುಧವಾರ

ಪ್ರೀತಿಯ ಜಯಕ್ಕನಿಗೆ,

ನಿನ್ನ ತಮ್ಮ ಮೋಹನದಾಸನ ನಮಸ್ಕಾರಗಳು. ಕ್ಷೇಮ ವಿಚಾರಿಸಿಯೇ ಪತ್ರ ಶುರು ಮಾಡಬೇಕೆಂದು ನಮ್ಮಿಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಕಲಿಸಿದ್ದರು, ನೆನಪುಂಟಲ್ಲ? ನೀನು ಸತ್ತು ಈ ಆಟಿ ತಿಂಗಳಿಗೆ ನಲವತ್ತಾರು ವರ್ಷವಾಯಿತು. ಸತ್ತವಳ ಆರೋಗ್ಯ ಕೇಳುವುದು ಹೇಗೆಂದು ಮಾತ್ರ ಯಾವ ಮೇಷ್ಟ್ರೂ ಹೇಳಿಕೊಡಲಿಲ್ಲ. ಆದರೂ ಕೇಳುತ್ತೇನೆ. ಹೊಟ್ಟೆನೋವು ಹೋಯಿತೇ? ಕಣ್ಣಿನ ಹಳದಿ ಇಳಿಯಿತೇ? ಕೊನೆಯ ವಾರ ಗಂಜಿಯ ತಿಳಿಯೂ ನಿನ್ನ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ವರ್ಷಕ್ಕೊಮ್ಮೆ ನಿನಗೆಂದು ಬಾಳೆಲೆಯಲ್ಲಿ ಬಡಿಸಿ ಬಾಗಿಲು ಎಳೆಯುವಾಗ ಅಮ್ಮ ಇನ್ನೂ ಎರಡು ನೀರುದೋಸೆ ಹೆಚ್ಚಿಗೆ ಇಡುತ್ತಾಳೆ. ಅದು ನಿನಗೆ ಮುಟ್ಟುತ್ತದೆಂದು ನಂಬಿದ್ದೇನೆ. ಮೂವತ್ತು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತನಾದವನು ಹೀಗೆ ಬರೆಯುವುದನ್ನು ನನ್ನ ಹಳೆಯ ವಿದ್ಯಾರ್ಥಿಗಳು ಕಂಡರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ನಮ್ಮ ಕಡೆಯ ಸುದ್ದಿ ಹೇಳುತ್ತೇನೆ. ಅಮ್ಮನಿಗೆ ಎಂಬತ್ತಮೂರು. ಕಿವಿ ಮಂದ, ನಾಲಿಗೆ ಚುರುಕು. ಅವಳ ಹೆಸರೆತ್ತಿ, ದೇಯಿಯಕ್ಕನ ಬಾಯಿಗೆ ಸಿಕ್ಕಬೇಡಿ ಎಂದು ಓಣಿಯ ಆಟೋದವರು ಇಂದಿಗೂ ಹೇಳುತ್ತಾರೆ. ನನ್ನ ಮಗಳು ಪ್ರಾಪ್ತಿಗೆ ಇಪ್ಪತ್ತೇಳು. ಸಿ.ಎ. ಕೊನೆಯ ಪರೀಕ್ಷೆ ಎರಡು ಸಲ ಕೈಕೊಟ್ಟಿದೆ, ಮೂರನೆಯ ಸಲಕ್ಕೆ ಕೂತಿದ್ದಾಳೆ. ನೀನು ಕಾಣದ ಈ ಹುಡುಗಿ ನಿನ್ನ ಹಾಗೆಯೇ ಎಡಗೈಯಲ್ಲಿ ಜಡೆ ಹಾಕಿಕೊಳ್ಳುತ್ತಾಳೆ, ನಿನ್ನ ಹಾಗೆಯೇ ಗಟ್ಟಿಯಾಗಿ ಓದದಿದ್ದರೆ ಅವಳಿಗೆ ತಲೆಗೆ ಹೋಗುವುದಿಲ್ಲ. ಮನೆ ಅದೇ, ಜಗಲಿಗೆ ಕಬ್ಬಿಣದ ಜಾಲರಿ ಬಂದಿದೆ. ನೀನು ಕೂತು ಬೀಡಿ ಕಟ್ಟುತ್ತಿದ್ದ ಮೂಲೆಯಲ್ಲಿ ಈಗ ಅವಳ ಮೇಜು ಉಂಟು.

ಇನ್ನು ದೊಡ್ಡ ಸುದ್ದಿ. ನಿನ್ನ ಮದುವೆ ಗೊತ್ತಾಗಿದೆ, ಬರುವ ಭಾನುವಾರ. ನಗಬೇಡ. ಮದುವೆಯಾಗದೆ ಹೋದವರು ಅಲ್ಲಿಯೂ ಬೆಳೆಯುತ್ತಾರೆ, ಅವರಿಗೆ ಇಲ್ಲಿಯವರೇ ಜೋಡಿ ನೋಡಿ ಆಟಿಯಲ್ಲಿ ಮದುವೆ ಮಾಡಿಸಬೇಕು ಎಂಬ ನಮ್ಮ ಕಟ್ಟು ನಿನಗೆ ಗೊತ್ತಿರುವುದೇ. ನಾನು ಇಷ್ಟು ವರ್ಷ ಏನೇನೋ ನೆಪ ಹೇಳಿ ತಳ್ಳಿಕೊಂಡು ಬಂದೆ. ಜೂನಿನಲ್ಲಿ ಒಂದು ಬೆಳಿಗ್ಗೆ ಅಮ್ಮ ಕಾಫಿ ಕುಡಿಯದೆ ಕೂತಿದ್ದಳು. ಕನಸಿನಲ್ಲಿ ನೀನು ಬಂದು ಬಾವಿಕಟ್ಟೆಯ ಹತ್ತಿರ ನಿಂತಿದ್ದೆಯಂತೆ. 'ಅವಳ ತಲೆಯೂ ನರೆತಿದೆ ಮಗಾ. ಇನ್ನು ಯಾವಾಗ ಮಾಡುವುದು? ಮುಂದಿನ ವರ್ಷದ ಆಟಿಗೆ ನಾನು ಉಂಟಾ ಇಲ್ಲವಾ ಯಾರಿಗೆ ಗೊತ್ತು?' ಎಂದಳು. ಹದಿನೇಳಕ್ಕೆ ಹೋದ ನಿನಗೆ ಬಿಳಿಕೂದಲು ಬಂದಿರುವುದನ್ನು ನೆನೆದು ನಾನು ಆ ದಿನವೇ ಜೋಡಿ ಹುಡುಕಲು ಹೊರಟೆ.

ಕುಲ, ಬಳಿ ಬೇರೆಯಾಗಬೇಕು, ಹೋದ ವಯಸ್ಸು ಹೊಂದಬೇಕು ಎಂದು ಹುಡುಕಿ ಹುಡುಕಿ ಕೊನೆಗೆ ಉರ್ವದಲ್ಲಿ ಒಂದು ಮನೆ ಸಿಕ್ಕಿತು. ಹುಡುಗನ ಹೆಸರು ಸರ್ವೋತ್ತಮ. ಬಿ.ಕಾಂ. ಎರಡನೆಯ ವರ್ಷ ಕಲಿಯುತ್ತಿದ್ದಾಗ ವಿಷಮಜ್ವರದಲ್ಲಿ ಹೋದವನು. ಪಟ ನೋಡಿದೆ. ಅಗಲ ಹಣೆ, ಒಂದು ಬದಿಗೆ ಬಾಚಿದ ಕೂದಲು, ಕೊಂಚ ಸಂಕೋಚದ ಮುಖ. ನಿನಗೆ ಹಿಡಿಸುತ್ತಾನೆ ಎಂದುಕೊಂಡಿದ್ದೇನೆ. ಹೆಣ್ಣು ಕೇಳಲು ಬಂದದ್ದು ಇಬ್ಬರು. ಮಸ್ಕತ್ತಿನಿಂದ ರಜೆಯಲ್ಲಿ ಬಂದಿರುವ ಅವನ ತಮ್ಮನ ಮಗ ರೋಷನ್, ಮತ್ತು ಸರ್ವೋತ್ತಮನ ಅಕ್ಕ, ಎಪ್ಪತ್ತು ದಾಟಿದ ನೆಟ್ಟಗಿನ ಹೆಂಗಸು. ಚಹಾ ಕುಡಿದು, ನಿನ್ನ ಪಟವನ್ನು ಕನ್ನಡಕ ಏರಿಸಿ ಇಳಿಸಿ ನೋಡಿ, ಆ ಅಕ್ಕ ಕೇಳಿದರು: 'ಹುಡುಗಿ ಎಷ್ಟು ಕಲ್ತಿದ್ದಾಳೆ?'

ರೋಷನ್ ನಾಚಿಕೊಂಡು 'ದೊಡ್ಡತ್ತೆ, ಅದೆಲ್ಲ ಈಗ ಎಂತಕ್ಕೆ?' ಎಂದ. ಅವರು ಬಿಡಲಿಲ್ಲ. 'ಹಾಗಲ್ಲ ಮಾರಾಯ. ನಮ್ಮವ ಬಿ.ಕಾಂ. ಓದ್ತಾ ಇದ್ದವ. ಅಲ್ಲಿ ಒಟ್ಟಿಗೆ ಇರುವಾಗ ಮಾತಾಡ್ಲಿಕ್ಕಾದ್ರೂ ಎಂತಾದ್ರೂ ಬೇಕಲ್ಲ' ಎಂದರು. ಶಿಕ್ಷಣದ ಬೆಲೆಯ ಬಗ್ಗೆ ಊರೂರು ಸುತ್ತಿ ಭಾಷಣ ಮಾಡಿದವನು ನಾನು. ಆ ಮಾತು ಸತ್ತವರ ಲೋಕದವರೆಗೂ ಹೋಗಿ ಮುಟ್ಟಿದೆಯೆಂದು ನಾನೆಣಿಸಿರಲಿಲ್ಲ. ನನ್ನ ಬಾಯಿಯಿಂದ 'ಎಸ್.ಎಸ್.ಎಲ್.ಸಿ.' ಎಂದು ಬಂದುಬಿಟ್ಟಿತು. 'ಯಾವ ಕ್ಲಾಸು?' 'ಫಸ್ಟ್ ಕ್ಲಾಸ್.' ಅಮ್ಮ ನನ್ನ ಕಡೆ ಒಮ್ಮೆ ನೋಡಿ ವೀಳ್ಯದ ತಟ್ಟೆಯನ್ನು ಅವರ ಮುಂದೆ ಸರಿಸಿದಳು. ಅಲ್ಲಿಗೆ ಸಂಬಂಧ ಕುದುರಿತು. ಭಾನುವಾರ ಎರಡು ತಟ್ಟೆಗಳಲ್ಲಿ ನಿಮ್ಮಿಬ್ಬರ ಬಟ್ಟೆಬರೆ ಇಟ್ಟು ಧಾರೆ ಎರೆಯುವ ಮುನ್ನ ಎರಡೂ ಮನೆಯ ಹಿರಿಯರು ಹುಡುಗ ಹುಡುಗಿಯ ಹೆಸರು, ಬಳಿ, ಕಲಿತದ್ದು ಎಲ್ಲವನ್ನೂ ಗಟ್ಟಿಯಾಗಿ ಹೇಳಬೇಕಂತೆ. ಅದು ಉರ್ವದವರ ಕ್ರಮ. ಅಪ್ಪ ಇಲ್ಲದ್ದರಿಂದ ನಮ್ಮ ಕಡೆಯಿಂದ ಹೇಳಬೇಕಾದವನು ನಾನು. ನಿನ್ನೆದುರು ನಿಂತು ಆ ಸುಳ್ಳನ್ನು ಇನ್ನೊಮ್ಮೆ ಹೇಳಬೇಕು. ನಿಜ ಹೇಳಿದರೆ ಅವರು ಎದ್ದು ಹೋಗಬಹುದು, ಅಮ್ಮನಿಗೆ ಇನ್ನೊಂದು ಆಟಿ ಸಿಗದೆಯೂ ಹೋಗಬಹುದು. ಎರಡು ವಾರದಿಂದ ಇದೊಂದೇ ನನ್ನ ತಲೆಯಲ್ಲಿ ಕೊರೆಯುತ್ತಿದೆ.

ಪೂರ್ತಿ ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡದ್ದೂ ಉಂಟು. ನೀನು ನನಗಿಂತ ಎರಡು ವರ್ಷ ದೊಡ್ಡವಳು. ಆದರೆ ನನ್ನನ್ನು ಸೊಂಟದಲ್ಲಿ ಹೊತ್ತು ತಿರುಗಬೇಕಿತ್ತೆಂದು ನಿನ್ನನ್ನು ತಡವಾಗಿ ಸೇರಿಸಿದರು, ಹಾಗಾಗಿ ಇಬ್ಬರೂ ಒಂದೇ ದಿನ ಒಂದೇ ತರಗತಿಗೆ ಹೋದೆವು. ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಯನ್ನು ಒಟ್ಟಿಗೆ ಬರೆದೆವು. ನೀನು ಶಾಲೆಗೇ ಮೊದಲು ಬಂದೆ, ನಾನು ಗಣಿತದಲ್ಲಿ ಫೇಲು. ಆಮೇಲೆ ನಮ್ಮ ಮನೆಯಲ್ಲಿ ನಡೆದದ್ದನ್ನು ಬೇರೆಯವರಿಗೆ ಹೇಳಿದರೆ ನಂಬುವುದು ಕಷ್ಟ. ಪಾಸಾದ ನಿನ್ನನ್ನು ಶಾಲೆ ಬಿಡಿಸಿದರು, ಫೇಲಾದ ನನ್ನನ್ನು ತಿರುಗಿ ಕಳುಹಿಸಿದರು. ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಮೆಟ್ಟುತ್ತಿದ್ದ ಅಪ್ಪ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಶಾಲೆಯೆಂದರೆ ಅವರಿಗೆ ಸರಕಾರಿ ಆಸ್ಪತ್ರೆಯ ಹಾಗೆ. ಗುಣವಾದವರನ್ನು ಮನೆಗೆ ಕಳುಹಿಸುತ್ತಾರೆ, ಆಗದವರನ್ನು ಇಟ್ಟುಕೊಳ್ಳುತ್ತಾರೆ. 'ಪಾಸಾದವಳಿಗೆ ಇನ್ನೆಂತ ಶಾಲೆ? ಫೇಲಾದವನನ್ನಲ್ಲವಾ ಕಳಿಸಬೇಕು?' ಎಂದು ಅವರು ಹೇಳಿದ್ದು ಓಣಿಯಲ್ಲೆಲ್ಲ ಹಬ್ಬಿತು. ಮಾರನೆಯ ವರ್ಷ ನಾನು ಪಾಸಾದಾಗ ಮುಖ್ಯೋಪಾಧ್ಯಾಯರೇ ಕರೆದು ಹೈಸ್ಕೂಲಿನ ವಿಷಯ ಹೇಳಿದರು. 'ಅಯ್ಯೋ, ಪಾಸಾದ ಮೇಲೆಯೂ ಉಂಟಾ?' ಎನ್ನುತ್ತಾ ಅಪ್ಪ ಮನೆಗೆ ಬಂದು ನಿನ್ನ ಎದುರು ಕುಕ್ಕರಗಾಲಿನಲ್ಲಿ ಕೂತರು. ನೀನು ಮುಖ ಎತ್ತಲಿಲ್ಲ. 'ನನಗೆ ಈಗ ಬೇಡ ಅಪ್ಪ. ಕೈ ಕೂತಿದೆ' ಎಂದೆ. ಅಷ್ಟು ಹೊತ್ತಿಗೆ ಬೀಡಿ ಕೊಳ್ಳುವ ಬ್ರಾಂಚಿನವರು ನಿನ್ನ ಕಟ್ಟುಗಳನ್ನು ಬಿಚ್ಚಿ ನೋಡುವುದನ್ನೇ ಬಿಟ್ಟಿದ್ದರು, ಅಷ್ಟು ಅಚ್ಚುಕಟ್ಟು.

ಆದರೆ ನೀನು ಓದು ಬಿಟ್ಟವಳಲ್ಲ. ಶಾಲೆಯಿಂದ ಬಂದ ನನ್ನನ್ನು ಐದು ಗಂಟೆಗೆ ಸರಿಯಾಗಿ ಜಗಲಿಯಲ್ಲಿ ಕೂರಿಸಿ, ಆ ದಿನದ ಪಾಠವನ್ನೆಲ್ಲ ಗಟ್ಟಿಯಾಗಿ ಓದಿಸುತ್ತಿದ್ದೆ. ತೊಡೆಯ ಮೇಲೆ ಮೊರ, ಮೊರದಲ್ಲಿ ಹೊಗೆಸೊಪ್ಪು, ನೆನೆಸಿದ ಎಲೆಗಳನ್ನು ಅಳತೆಗೆ ಕತ್ತರಿಸುವ ಆ ಕತ್ತರಿ. ಕಟ್, ಕಟ್, ಕಟ್. ನಾನು ತಪ್ಪು ಓದಿದರೆ ಅದು ನಿಲ್ಲುತ್ತಿತ್ತು. ತಿರುಗಿ ಸರಿಯಾಗಿ ಓದಿದರೆ ಮುಂದುವರಿಯುತ್ತಿತ್ತು. ಎಂಟನೆಯದು, ಒಂಬತ್ತನೆಯದು ಹೀಗೇ ಮುಗಿಯಿತು. ಬೀಜಗಣಿತದಲ್ಲಿ ನಾನು ಸಿಕ್ಕಿಬಿದ್ದಾಗ ಎಲೆಯ ಮೇಲೆ ಉಗುರಿನಿಂದ ಗೀರಿ ದಾರಿ ತೋರಿಸಿದವಳು ನೀನು. ಹತ್ತನೆಯ ಸಮಾಜದ ಪುಸ್ತಕದಲ್ಲಿ ಅಣೆಕಟ್ಟುಗಳ ಪಾಠದವರೆಗೆ ಬಂದಿದ್ದೆವು, ನಿನಗೆ ಜ್ವರ ಬಂತು. ಹತ್ತು ದಿನದಲ್ಲಿ ಎಲ್ಲ ಮುಗಿಯಿತು. ಒಮ್ಮೆ, ಯಾವಾಗ ಎಂಬುದು ನೆನಪಿಲ್ಲ, ಕತ್ತರಿ ನಿಲ್ಲಿಸದೆಯೇ ನೀನು 'ನಾನೂ ಎರಡು ಲೆಕ್ಕ ತಪ್ಪು ಮಾಡಿದ್ರೆ ಒಳ್ಳೇದಿತ್ತು ಮಾರಾಯ' ಎಂದಿದ್ದೆ. ಆಗ ನಾನು ನಕ್ಕಿದ್ದೆ.

ಮುಂದಿನ ಮಾರ್ಚಿನಲ್ಲಿ ನಾನು ಹತ್ತನೆಯದು ಪಾಸಾದೆ. ಆಮೇಲೆ ಕಾಲೇಜು, ಎಂ.ಎ., ಕೆಲಸ. ನಾನು ಮೂವತ್ತು ವರ್ಷ ಹೇಳಿದ್ದನ್ನೆಲ್ಲ ಹಿಂಡಿದರೆ ಒಂದೇ ಮಾತು. ಬಡ ದೇಶಗಳು ಮೇಲೆ ಬರುವುದು ಹೊಗೆಗೊಳವೆಗಳಿಂದ ಮಾತ್ರ ಅಲ್ಲ, ಅದಕ್ಕಿಂತ ಮೊದಲು ಕರಿಹಲಗೆಯಿಂದ. ಹೆಣ್ಣುಮಕ್ಕಳನ್ನು ಇನ್ನೊಂದು ವರ್ಷ, ಮತ್ತೊಂದು ವರ್ಷ ಶಾಲೆಯಲ್ಲಿ ಉಳಿಸಿಕೊಂಡ ನಾಡು ತಾನಾಗಿ ಎದ್ದು ನಿಲ್ಲುತ್ತದೆ. ಇದಕ್ಕೊಂದು ಗೆರೆಯ ಚಿತ್ರವಿದೆ. ಕೆಳಗೆ ಓದಿದ ವರ್ಷಗಳು, ಪಕ್ಕದಲ್ಲಿ ದೇಶದ ಆದಾಯ, ನಡುವೆ ಏರುತ್ತ ಹೋಗುವ ಒಂದು ಗೆರೆ. ಚಿತ್ರ ತೋರಿಸಿ, ನಮ್ಮ ಜೆಪ್ಪುವಿನ ಓಣಿಯನ್ನೇ ಸಾಕ್ಷಿ ಕರೆಯುತ್ತಿದ್ದೆ. ಹೆಂಚಿನ ಕಾರ್ಖಾನೆ ಮುಚ್ಚಿದಾಗ ಈ ಓಣಿ ಮುಳುಗಬೇಕಿತ್ತು, ಮುಳುಗಲಿಲ್ಲ. ಮಣ್ಣು ಮೆಟ್ಟಿದವರ ಮಕ್ಕಳು ಬ್ಯಾಂಕಿಗೆ ಹೋದರು, ಆಸ್ಪತ್ರೆಗೆ ಹೋದರು, ಕೊಲ್ಲಿಗೆ ಹೋದರು. ಅದು ನಿಜವೇ, ಅಕ್ಕ. ಈಗಲೂ ನಂಬುತ್ತೇನೆ. ಆದರೆ ಓದಿದ ಒಬ್ಬೊಬ್ಬನ ಹಿಂದೆಯೂ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದ ಒಬ್ಬಳಿದ್ದಳು. ಅವಳಿಗೆ ನನ್ನ ಗೆರೆಯಲ್ಲಿ ಜಾಗ ಇರಲಿಲ್ಲ.

ಜಾಗ ಇರಲಿಲ್ಲ ಎಂದರೆ ಪೂರ್ತಿ ಸರಿಯಲ್ಲ. ನಿನ್ನನ್ನು ನಾನು ಸಭೆ ನಗಿಸಲು ಇಟ್ಟುಕೊಂಡಿದ್ದೆ. ಭಾಷಣದ ನಡುವೆ ಜನ ಆಕಳಿಸತೊಡಗಿದಾಗ, 'ಒಂದೂರಿನಲ್ಲಿ ಒಬ್ಬ ಅಪ್ಪ ಇದ್ದ. ಪಾಸಾದ ಮಗಳನ್ನು ಮನೆಯಲ್ಲಿ ಕೂರಿಸಿ ಫೇಲಾದ ಮಗನನ್ನು ಶಾಲೆಗೆ ಕಳುಹಿಸಿದ' ಎಂದು ಶುರು ಮಾಡುತ್ತಿದ್ದೆ. ಸಭೆ ಘೊಳ್ಳೆಂದು ನಗುತ್ತಿತ್ತು. ಅನಕ್ಷರತೆಯ ಖರ್ಚು ಇದೇ ನೋಡಿ ಎಂದು ಮುಂದಕ್ಕೆ ಹೋಗುತ್ತಿದ್ದೆ. ಅದು ನಮ್ಮಪ್ಪ ಎಂದು ಎಲ್ಲಿಯೂ ಹೇಳಲಿಲ್ಲ. ಜೂನಿನಲ್ಲಿ ಕದ್ರಿಯ ಒಂದು ಕಚೇರಿಯ ಸಭಾಂಗಣದಲ್ಲಿ ಹೊಸ ಟೀಚರುಗಳಿಗೆ ಉಪನ್ಯಾಸವಿತ್ತು. ಕಥೆ ಹೇಳಿದೆ, ಎಲ್ಲರೂ ನಕ್ಕರು. ಎರಡನೆಯ ಸಾಲಿನಲ್ಲಿದ್ದ ರೇಚಲ್ ಎಂಬ ಹುಡುಗಿ ಮಾತ್ರ ನಗದೆ ಕೈ ಎತ್ತಿದಳು. 'ಸರ್, ಆ ಹುಡುಗಿ ಮತ್ತೆ ಎಂತ ಆದಳು?' ಎಂದು ಕೇಳಿದಳು.

ಮೂವತ್ತು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. 'ಅದು ಬರೀ ಉದಾಹರಣೆಯಮ್ಮ. ಹಾಗೆ ಒಬ್ಬಳು ಇರಲಿಲ್ಲ' ಎಂದೆ. ಹೇಳಿದ ಕ್ಷಣವೇ ನನ್ನ ಬೆನ್ನ ಹಿಂದೆ, ಗೆರೆಯ ಚಿತ್ರ ಬಿದ್ದಿದ್ದ ಪರದೆಯ ಕಡೆಯಿಂದ, ಕತ್ತರಿ ನಿಂತಿತು. ಸದ್ದು ಕೇಳಿತು ಎನ್ನುತ್ತಿಲ್ಲ. ಅಷ್ಟು ಹೊತ್ತು ಆಡುತ್ತಲೇ ಇದ್ದದ್ದು ನಿಂತಾಗ ತಿಳಿಯುತ್ತದಲ್ಲ, ಹಾಗೆ. ಭಾಷಣ ಅರ್ಧಕ್ಕೇ ಬಿಟ್ಟು ಪರದೆಯ ಕಡೆ ತಿರುಗಿದೆ. ನೀರು ಕೊಟ್ಟು ಕೂರಿಸಿದರು, ವಯಸ್ಸಾಯಿತು ಎಂದರು. ಅಮ್ಮನಿಗೆ ಆ ಕನಸು ಬಿದ್ದದ್ದು ಅದೇ ರಾತ್ರಿ. ಇದನ್ನು ನಾನು ಅವಳಿಗೆ ಹೇಳಿಲ್ಲ.

ಕಳೆದ ವಾರದ ಇನ್ನೊಂದು ಸಂಗತಿಯನ್ನೂ ಬರೆದುಬಿಡುತ್ತೇನೆ. ಸಂಜೆ ಪ್ರಾಪ್ತಿ ಜಗಲಿಯಲ್ಲಿ ತೆರಿಗೆಯ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ನಡುವೆ ಎದ್ದು ಒಳಗೆ ಬಂದು, 'ಅಪ್ಪ, ಯಾರು ಎಂತ ಕತ್ತರಿಸ್ತಾ ಇರುವುದು? ನಾನು ಓದುವುದು ನಿಲ್ಲಿಸಿದ ಕೂಡಲೇ ಅದೂ ನಿಲ್ತದೆ' ಎಂದಳು. ಮದುವೆ ಗಿದುವೆ ಎಂದು ಅಜ್ಜಿಯನ್ನು ಗೇಲಿ ಮಾಡುತ್ತಿದ್ದ ಹುಡುಗಿ ಅವಳು, 'ಅತ್ತೆಗೆ ನನಗಿಂತ ಮೊದಲು ಹುಡುಗ ಸಿಕ್ಕಿದ' ಎಂದು ನಗುತ್ತಿದ್ದವಳು. ಪಕ್ಕದ ಮನೆಯವರಿರಬೇಕು, ನೀನು ಓದು ಎಂದೆ. ಅವಳು ಹೋಗಿ ಓದತೊಡಗಿದಳು. ನಾನು ಒಳಗಿನಿಂದಲೇ ಕೇಳುತ್ತಾ ಕೂತೆ. ನನಗೆ ಹೆದರಿಕೆಯಾಯಿತು, ಅಕ್ಕ. ಜೊತೆಗೆ ಖುಷಿಯೂ ಆಯಿತು, ನೀನಿನ್ನೂ ಪಾಠ ಕೇಳುತ್ತಿದ್ದೀಯಲ್ಲ ಎಂದು.

ನಿನಗೆ ತಂದ ಸೀರೆ ಹಸಿರು ಬಣ್ಣದ್ದು, ಕೆಂಪು ಅಂಚು. ಅಮ್ಮನೇ ಅಂಗಡಿಗೆ ಬಂದು ಆರಿಸಿದಳು, ಅಂಗಡಿಯವ ಬೇಸತ್ತುಹೋದ. ಬಳೆ, ಮಲ್ಲಿಗೆ, ಬಾಚಣಿಗೆ, ಕನ್ನಡಿ ಎಲ್ಲ ಆಗಿದೆ. ಈ ಪತ್ರವನ್ನು ಸೀರೆಯ ಮಡಿಕೆಯೊಳಗೆ ಇಡುತ್ತೇನೆ. ಅಮ್ಮ ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾಳೆ. ಅಪ್ಪ ಅಲ್ಲಿ ನಿನ್ನ ಜೊತೆಗಿದ್ದರೆ ಅವರಿಗೆ ನನ್ನ ನಮಸ್ಕಾರ ಹೇಳು. ಹೊಸ ಮನೆಯಲ್ಲಿ ನಿನಗೆ ಒಳ್ಳೆಯ ಬೆಳಕಿರುವ ಒಂದು ಮೂಲೆ ಸಿಗಲಿ.

ಎಂದು ನಿನ್ನ ಹೆಗಲ ಮೇಲೆ ಬೆಳೆದ ತಮ್ಮ,
ಮೋಹನದಾಸ

ಮರೆತ ವಿಷಯ: ಬರೆಯಲು ಮರೆತಿದ್ದೆ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಅಮ್ಮ ಜಗಲಿಯಿಂದ ಕರೆಯುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಪಾಸಾದವಳಿಗೆ ಇನ್ನೆಂತ ಶಾಲೆ ಎಂಬ ಮಾತು ಅಪ್ಪನದಲ್ಲ, ನನ್ನದು. ಫಲಿತಾಂಶ ಬಂದ ದಿನ ಸಂಜೆ ಅಪ್ಪ ಬಾವಿಕಟ್ಟೆಯಲ್ಲಿ ಕಾಲಿನ ಮಣ್ಣು ತೊಳೆಯುತ್ತಾ ನನ್ನನ್ನು ಕೇಳಿದರು, 'ಮೋಹನ, ಪಾಸಾದವರಿಗೆ ಇನ್ನು ಮುಂದೆಯೂ ಶಾಲೆ ಉಂಟಾ?' ಎಂದು. ಮನೆಯಲ್ಲಿ ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರಿಗೂ ಅದು ಗೊತ್ತಿರಲಿಲ್ಲ. ನೀನು ಹೈಸ್ಕೂಲಿಗೆ ಹೋಗುವುದನ್ನು, ನಾನು ಚಿಕ್ಕವರ ಜೊತೆ ಅದೇ ಬೆಂಚಿನಲ್ಲಿ ಕೂರುವುದನ್ನು ಓಣಿಯವರೆಲ್ಲ ನೋಡುತ್ತಾರಲ್ಲ ಎಂದು ನನಗೆ ನಾಚಿಕೆಯಾಗಿತ್ತು. 'ಇಲ್ಲ ಅಪ್ಪ. ಪಾಸಾದವರಿಗೆ ಮುಗೀತು. ಫೇಲಾದವರು ಮಾತ್ರ ಹೋಗಬೇಕು' ಎಂದೆ. ಜಗಲಿಯಲ್ಲಿ, ರಜೆಯೆಂದು ಬೀಡಿಯ ಎಲೆ ಕತ್ತರಿಸಲು ಕೂತಿದ್ದ ನಿನ್ನ ಕತ್ತರಿ ನಿಂತಿತು. ನೀನು ಎದ್ದು ಬಂದು ಸುಳ್ಳು ಎನ್ನುತ್ತೀಯೆಂದು ಕಾದೆ. ಸ್ವಲ್ಪ ಹೊತ್ತಿನ ಮೇಲೆ ಅದು ತಿರುಗಿ ಶುರುವಾಯಿತು. ಮುಂದಿನ ವರ್ಷ ನಿಜ ಗೊತ್ತಾದಾಗಲೂ ಅಪ್ಪ ನನ್ನ ಹೆಸರು ಎತ್ತಲಿಲ್ಲ. 'ನನ್ನ ಮಂಡೆಗೆ ಹೋಗಲಿಲ್ಲ, ನನ್ನ ತಪ್ಪು' ಎಂದು ಸಾಯುವವರೆಗೂ ಹೇಳಿಕೊಂಡರು. ನಾನು ಅವರನ್ನು ತೋರಿಸಿ ಸಭೆಗಳನ್ನು ನಗಿಸಿದೆ. ಇವತ್ತು ಸಂಜೆ ಐದಕ್ಕೆ ಜಗಲಿಯಲ್ಲಿ ಕೂತು ಈ ಪತ್ರವನ್ನು ಅಮ್ಮನಿಗೆ ಗಟ್ಟಿಯಾಗಿ ಓದುತ್ತೇನೆ. ಆಮೇಲೆ ಉರ್ವಕ್ಕೆ ಫೋನು ಮಾಡಿ, ಹುಡುಗಿ ಏಳನೆಯ ಪಾಸು, ಶಾಲೆಗೇ ಮೊದಲು, ಬಿಡಿಸಿದ್ದು ನಾನು ಎಂದು ಹೇಳುತ್ತೇನೆ. ಬರುವುದು ಬಿಡುವುದು ಅವರಿಗೆ ಬಿಟ್ಟದ್ದು. ನೀನು ಮಾತ್ರ ಐದು ಗಂಟೆಗೆ ಬಂದು ನಿನ್ನ ಮೂಲೆಯಲ್ಲಿ ಕೂತು ಕೇಳು. ಬರುವಾಗ ಕತ್ತರಿ ತರಬೇಡ.